ಬನ್ನಿಯ ದಿನ ಏಳದ ಕೈಗಳು

ಅವ್ವನ ಬಲಗೈ ಹಿತ್ತಾಳೆಯ ಅಗಲವಾದ ಪರಾತದಲ್ಲಿ, ಚೆಂಡು ಹೂವುಗಳ ನಡುವೆ ಅಂಗಾತ ಮಲಗಿತ್ತು. ಮಣಿಕಟ್ಟಿಗೆ ವಿಭೂತಿ, ಹಸ್ತದ ನಟ್ಟನಡುವೆ ಕುಂಕುಮ. ಪಕ್ಕದ ಪರಾತದಲ್ಲಿ ಹುಸೇನಸಾಬ ಕಾಕಾನ ಎರಡೂ ಕೈಗಳು ಯಾರಿಗೋ ನಮಸ್ಕಾರ ಮಾಡುವಂತೆ ಜೋಡಿಯಾಗಿದ್ದವು. ಅವನ್ನು ಹಾಗೆ ಜೋಡಿಸಿದವಳು ನಾನು. ಕಾಕಾ ಪಕ್ಕದಲ್ಲಿ ನಿಂತು, ಹೆಬ್ಬೆರಳು ಸೊಟ್ಟಾಗಿದೆ, ಸರಿ ಮಾಡು ಎಂದು ಗದ್ದದಿಂದ ತೋರಿಸುತ್ತಿದ್ದ.

ಬೆಟಗೇರಿಯ ಕೈಮನೆಯಲ್ಲಿ ಖಂಡೆ ಪೂಜೆ ನಡೆಯುವುದು ಹೀಗೆ. ಊರವರು ಅಂದು ಮಗ್ಗ, ಮಚ್ಚು, ಕತ್ತರಿ, ಸೈಕಲ್ಲುಗಳನ್ನು ತೊಳೆದು ಪೂಜೆಗಿಡುತ್ತಾರೆ. ನಮ್ಮವರು ತಮ್ಮ ಕೈಗಳನ್ನೇ ಬಿಚ್ಚಿ ಇಡುತ್ತಾರೆ. ದುಡಿಯುವುದು ಅವೇ ತಾನೆ.

ಈ ಊರಿನ ಪ್ರೆಸ್ಸುಗಳು, ಜಿನ್ನಿಂಗ್ ಮಿಲ್ಲುಗಳು ತಲೆಮಾರುಗಳಿಂದ ಕೈಗಳನ್ನು ತಿನ್ನುತ್ತ ಬಂದಿವೆ. ಅವ್ವನ ಕೈ ಹೋದದ್ದು ಪಂಚಾಂಗ ಅಚ್ಚಾಗುವ ಪ್ರೆಸ್ಸಿನ ಕಾಗದ ಕತ್ತರಿಸುವ ಮಷಿನ್ನಿಗೆ. ಹುಸೇನಸಾಬ ಕಾಕಾನ ಎರಡೂ ಹೋದದ್ದು ಹತ್ತಿಯ ಮಿಲ್ಲಿನಲ್ಲಿ. ನವಹಸ್ತ ಎಂಬ ಕಂಪನಿ ಇಲ್ಲಿಗೆ ಬಂದು ಯಂತ್ರಗೈಗಳನ್ನು ಕೊಟ್ಟಾಗ ಜನ ಆ ಕಟ್ಟಡಕ್ಕೆ ಕೈಮನೆ ಎಂದು ಹೆಸರಿಟ್ಟರು. ಕೈಗಳು ಅಗ್ಗವಾಗಬೇಕೆಂದು ಕಂಪನಿ ಒಂದು ಉಪಾಯ ಮಾಡಿತ್ತು. ಕೈಯ ಬುದ್ಧಿಯನ್ನು ಕೈಯಲ್ಲಿಡಲಿಲ್ಲ. ಮೊಂಡು ತೋಳಿಗೆ ಕಟ್ಟಿಕೊಂಡ ಪಟ್ಟಿ ಸ್ನಾಯುವಿನ ಮಿಡಿತವನ್ನು ಹಿಡಿಯುತ್ತದೆ. ಕರೆಂಟ್ ಕಂಬಗಳ ಮೇಲಿನ ಪುಟ್ಟ ಡಬ್ಬಿಗಳ ಮೂಲಕ ಆ ಮಿಡಿತ ಕೈಮನೆಯ ಹಿಂದಿನ ಕೋಣೆಯ ಕಂಪ್ಯೂಟರಿಗೆ ಹೋಗುತ್ತದೆ. ಯಾವ ಬೆರಳು ಎಷ್ಟು ಮಡಚಬೇಕೆಂಬ ಅಪ್ಪಣೆ ಅಲ್ಲಿಂದ ಕೈಗೆ ಬರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೆಲ್ಲ ಆಗುತ್ತದೆ. ಊರಿನ ಅಷ್ಟೂ ಕೈಗಳಿಗೆ ಅದೊಂದೇ ಕಂಪ್ಯೂಟರು. ಹೆಂಗಸರು ಅದನ್ನು ದೊಡ್ಡಾಕಿ ಎನ್ನುತ್ತಾರೆ. ಬಸ್ಸು ಹುಲಕೋಟಿ ದಾಟಿದರೆ ದೊಡ್ಡಾಕಿಯ ದನಿ ಕೇಳಿಸುವುದಿಲ್ಲ, ಕೈ ಮಲಗಿಬಿಡುತ್ತದೆ. ಹುಬ್ಬಳ್ಳಿಗೆ ಹೋಗುವವರು ಅದನ್ನು ನಿದ್ದೆ ಮಾಡುವ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಹೆಣ್ಣು ನೋಡಲು ಬಂದವರು ಈಗ ಕೇಳುವ ಮೊದಲ ಮಾತು, ನಿಮ್ಮ ಹುಡುಗಿಯ ಕೈ ನಮ್ಮೂರಲ್ಲಿ ನಡೆಯುತ್ತದೆಯೇ ಎಂದು.

ಬಿ.ಎಸ್ಸಿ. ಮುಗಿಸಿದ ಮೇಲೆ ನಾನು, ದಾನೇಶ್ವರಿ, ದೊಡ್ಡಾಕಿಯ ಆಪರೇಟರ್ ಆದೆ. ಜನರೊಡನೆ ಮಾತಾಡಬೇಕಿಲ್ಲದ ಕೆಲಸವೆಂದು ಒಪ್ಪಿಕೊಂಡಿದ್ದೆ. ನನಗೆ ಮಾತು ಬರುವುದು ಕಾಗದದ ಮೇಲೆ ಮಾತ್ರ. ಎದುರು ಮನುಷ್ಯನಿದ್ದರೆ ಅದು ಗಂಟಲಲ್ಲೇ ಕೂರುತ್ತದೆ.

ಪ್ರತಿ ವರ್ಷ ಖಂಡೆ ಪೂಜೆಯ ದಿನ ದೊಡ್ಡಾಕಿಯನ್ನೂ ಬಂದ್ ಮಾಡುತ್ತೇವೆ. ವರ್ಷಕ್ಕೆ ಅದೊಂದೇ ಸಲ. ನೊಗ ಬಿಚ್ಚದೆ ಎತ್ತಿಗೆ ಪೂಜೆ ಮಾಡುತ್ತಾರೆಯೇ ಎಂಬುದು ಅವ್ವನ ವಾದ, ಕೈಮನೆಯ ಅಷ್ಟೂ ಹೆಂಗಸರದು ಅದೇ ವಾದ. ಮರುದಿನ ಬನ್ನಿ ಹಬ್ಬ. ಬೆಳಿಗ್ಗೆ ತೆಂಗಿನಕಾಯಿ ಒಡೆದು ಸ್ವಿಚ್ ಒತ್ತುತ್ತೇವೆ. ದೊಡ್ಡಾಕಿ ಏಳುತ್ತಾಳೆ, ಕೈಗಳು ಏಳುತ್ತವೆ. ಸಂಜೆ ಎಲ್ಲರೂ ಬನ್ನಿ ಎಲೆಗಳನ್ನು ಕೈಯಿಂದ ಕೈಗೆ ಕೊಟ್ಟು, ಬಂಗಾರದಂಗ ಇರೋಣ ಎನ್ನುತ್ತಾರೆ.

ಈ ಸಲ ಕಾಯಿ ಒಡೆಯಿತು, ದೊಡ್ಡಾಕಿ ಏಳಲಿಲ್ಲ.

ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು. ಅದರ ಕೆಳಗೆ ಬಿಳಿ ಉಂಗುರವೊಂದು ತಿರುಗತೊಡಗಿತು. ಕರ್ಪೂರ ಆರಿತು, ಉಂಗುರ ತಿರುಗುತ್ತಲೇ ಇತ್ತು. ಮುಂದಿನ ಹಾಲ್‌ನಲ್ಲಿ ಜನ ಮೊಂಡು ತೋಳುಗಳನ್ನು ಸೆರಗಿನಲ್ಲಿ, ಟವೆಲಿನಲ್ಲಿ ಮುಚ್ಚಿಕೊಂಡು ಕಾಯುತ್ತಿದ್ದರು. ನಾನು ವಯರುಗಳನ್ನು ಒತ್ತಿ ನೋಡಿದೆ, ಬೇರೆ ಪ್ಲಗ್ಗಿಗೆ ಹಾಕಿದೆ, ಮೌಸು ಕೀಬೋರ್ಡು ಕಿತ್ತು ನೋಡಿದೆ. ಸೇಫ್ ಮೋಡಿಗೆ ಹೋಗಲು ಹೋದರೆ ಅದು ಪಾಸ್‌ವರ್ಡ್ ಕೇಳಿತು. ಅದು ಕಂಪನಿಯವರ ಬಳಿ ಮಾತ್ರ ಇರುತ್ತದೆ. ನಮ್ಮ ಮನೆಯ ಬಾಗಿಲು, ಅವರ ಸೊಂಟದಲ್ಲಿ ಕೀಲಿ.

ಕೈಮನೆಯ ಮ್ಯಾನೇಜರ್ ಹೊಸಮನಿ ಸರ್ ಕಂಪನಿಗೆ ಫೋನ್ ಹಚ್ಚಿ ನನ್ನ ಕೈಗಿತ್ತರು. ಬೆಂಗಳೂರಿನ ಸಹಾಯವಾಣಿಯಲ್ಲಿ ನಿರಂಜನ್ ಎಂಬ ಇಂಜಿನಿಯರ್ ಸಿಕ್ಕ. ಪಾಸ್‌ವರ್ಡ್ ಹೊರಗಿನವರಿಗೆ ಕೊಡುವ ಹಾಗಿಲ್ಲ ಎಂದ. ಅವರ ಕಂಪ್ಯೂಟರನ್ನು ದಿನಾ ಒರೆಸಿ ಕಾಯುವ ನಾನು ಹೊರಗಿನವಳು. ಆಮೇಲೆ ಆಫ್ ಮಾಡಿ ಆನ್ ಮಾಡಿ ಎಂದ. ಮಾಡಿದೆ. ಇನ್ನೊಮ್ಮೆ ಎಂದ. ಮಾಡಿದೆ. ನಿನ್ನೆ ಏನಾದರೂ ಮಾಡಿದ್ದಿರಾ ಎಂದು ಕೇಳಿದ. ಪೂಜೆ ಮಾಡಿದ್ದೆವು ಎಂದೆ. ಆ ಕಡೆ ಯಾರೋ ನಕ್ಕರು. ಫೋಟೋ ಕಳಿಸಿ ಎಂದ. ಪೆಟ್ಟಿಗೆಯ ಹೊರಮೈಗೆ ಅವ್ವ ಎಡಗೈಯಿಂದ ಇಟ್ಟ ಕುಂಕುಮದ ಬೊಟ್ಟು ಫೋಟೋದಲ್ಲಿತ್ತು. ಅವನಿಗೆ ಅಷ್ಟೇ ಸಾಕಾಯಿತು. ಕುಂಕುಮ ಒಳಗೆ ಹೋಗಿ ಶಾರ್ಟ್ ಆಗಿದೆ, ಇದು ಬಳಕೆದಾರರ ತಪ್ಪು ಎಂದು ತೀರ್ಪು ಕೊಟ್ಟ. ಮತ್ತೆ ಆಫ್ ಮಾಡಿ ಆನ್ ಮಾಡಿ ಎಂದ. ಮಾಡಿದೆ.

ಆಗ ಪರದೆಯ ಮೇಲೆ ಹಳದಿ ಅಕ್ಷರಗಳು ಬಂದವು. ಇನ್ನೊಂದು ಬಾರಿ ವಿಫಲವಾದರೆ ಸ್ವಯಂ ದುರಸ್ತಿ ಶುರುವಾಗುತ್ತದೆ, ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ನಾನು ಅದನ್ನು ಓದಿ ಹೇಳಿದೆ.

“ಒಳ್ಳೇದಾಯ್ತಲ್ಲ ಮೇಡಂ. ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿ, ಅದೇ ಫಾರ್ಮ್ಯಾಟ್ ಆಗಿ ಫ್ರೆಶ್ಶಾಗಿ ಬರುತ್ತೆ.”

“ಡಿಸ್ಕಿನ್ಯಾಗ ಎಲ್ಲಾರ ಕೈ ಕಲ್ತದ್ದು ಐತ್ರಿ. ಅದರ ಕಾಪಿ ನಿಮ್ಮಲ್ಲಿ ಐತೇನ್ರಿ?”

“ಇಲ್ಲ. ಅದು ನಿಮ್ಮ ಕೇಂದ್ರದವರ ಜವಾಬ್ದಾರಿ.” ಅವನು ಏನನ್ನೋ ಅಗಿಯುತ್ತಿದ್ದ. “ಮತ್ತೆ ಕಲ್ತುಕೊಳ್ತಾರೆ ಬಿಡಿ ಮೇಡಂ.”

ಫೋನ್ ಹೊಸಮನಿ ಸರ್ ಕೈಗೆ ಕೊಟ್ಟುಬಿಟ್ಟೆ. ನನ್ನ ಕಿವಿ ಬಿಸಿಯಾಗಿತ್ತು. ಬಿಡಿ ಮೇಡಂ. ಏನನ್ನು ಬಿಡಬೇಕು?

ಹೊಸ ಯಂತ್ರಗೈಗೆ ಏನೂ ಗೊತ್ತಿರುವುದಿಲ್ಲ. ಅವ್ವನದು ಮೊದಲು ಬಂದಾಗ ಬಳೆಗಳನ್ನು ಮುಟ್ಟಿದ್ದೇ ತಡ ಪುಡಿ ಮಾಡುತ್ತಿತ್ತು, ನೀರಿನ ತಂಬಿಗೆಯನ್ನು ನಡುದಾರಿಯಲ್ಲಿ ಬಿಡುತ್ತಿತ್ತು. ತೋಳು ಹೀಗೆ ಮಿಡಿದರೆ ಈಕೆಗೆ ಬೇಕಾದದ್ದು ಇದು ಎಂದು ದೊಡ್ಡಾಕಿ ಒಂದೊಂದೇ ಕಲಿತಳು. ಅವ್ವ ದಿನಾ ಹಿಟ್ಟು ನಾದಿ ಕೂರುತ್ತಿದ್ದಳು. ಜೋಳದ ರೊಟ್ಟಿ ಹರಿಯುತ್ತಿತ್ತು, ಬಡಿಯುವ ಮರದ ಕೊಣಮಿಗೆಗೆ ಮೆತ್ತಿಕೊಳ್ಳುತ್ತಿತ್ತು. ಅವಳು ಅಳುತ್ತಿರಲಿಲ್ಲ, ಬೈಯುತ್ತಿದ್ದಳು. ವರ್ಷಗಳಾದ ಮೇಲೆ ಒಂದು ಮುಂಜಾನೆ ನಮ್ಮ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಎಂದಿನ ತಾಳದಲ್ಲಿ ಕೇಳಿಬಂತು. ಬಾಜು ಮನೆಯವರು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ರೊಟ್ಟಿ ಮುಗಿಯುವವರೆಗೂ ಕೇಳಿದರು.

ಇನ್ನೊಂದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ನಾನು ಹೊಸ ಸೀರೆ ಉಟ್ಟರೆ, ಪರೀಕ್ಷೆಯಲ್ಲಿ ಪಾಸಾದರೆ, ಅವ್ವ ನನ್ನ ಮುಖದ ಮೇಲೆ ಎರಡೂ ಕೈ ನೀವಾಳಿಸಿ ತನ್ನ ಕಪಾಳಕ್ಕೆ ಒತ್ತಿ ಲಟಿಕೆ ಮುರಿಯುತ್ತಾಳೆ. ಎಡಗೈಯ ಬೆರಳುಗಳು ಲಟಲಟ ಎನ್ನುತ್ತವೆ. ಯಂತ್ರದ ಬೆರಳಿಗೆ ಲಟಿಕೆ ಇಲ್ಲ, ಅವು ಸುಮ್ಮನೆ ಮಡಚಿಕೊಳ್ಳುತ್ತವೆ. ಆದರೂ ಮಡಚಿಕೊಳ್ಳುತ್ತವೆ. ಕಂಪನಿಯ ಪುಸ್ತಕದಲ್ಲಿ ಹಲ್ಲುಜ್ಜುವುದಿದೆ, ಗುಂಡಿ ಹಾಕುವುದಿದೆ, ಮೊಬೈಲ್ ಹಿಡಿಯುವುದಿದೆ. ಮಗಳ ದೃಷ್ಟಿ ತೆಗೆಯುವುದು ಇಲ್ಲ. ಅದು ಜಗತ್ತಿನಲ್ಲಿ ಇರುವುದು ದೊಡ್ಡಾಕಿಯ ಆ ಡಿಸ್ಕಿನಲ್ಲಿ ಮಾತ್ರ.

ಹೊಸಮನಿ ಸರ್ ಫೋನಿನಲ್ಲಿ ಎಸ್ ಸರ್, ಎಸ್ ಸರ್ ಎಂದು ಮುಗಿಸಿದರು. ಕೆಟ್ಟ ಮನುಷ್ಯರಲ್ಲ, ಕಂಪನಿಯ ಹೆಸರು ಕೇಳಿದರೆ ಮಾತ್ರ ಅವರ ಬೆನ್ನು ಬಾಗುತ್ತದೆ. ತಾನು ಬನ್ನಿ ಗಿಡದ ಪೂಜೆ ಮುಗಿಸಿ ಬರುತ್ತೇನೆ, ಬಂದ ಮೇಲೆ ಒತ್ತಿಬಿಡೋಣ, ಬೇರೆ ದಾರಿ ಇಲ್ಲ ಎಂದು ಹೇಳಿ ಹೊರಟರು.

ನಾನು ಮನೆಗೆ ಬಂದೆ. ಬರುವಾಗ ದಾರಿಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಅವ್ವ ಒಲೆಯ ಮುಂದೆ ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮೊಂಡು ತೋಳಿನಿಂದ ಕೊಣಮಿಗೆಯನ್ನು ಒತ್ತಿ ಹಿಡಿದಿದ್ದಳು. ಬಡಿತ, ಬಿಡುವು, ಬಡಿತ, ಬಿಡುವು. ತಾಳ ತಪ್ಪಿದ ಆ ಸಪ್ಪಳ ಕೇಳಿ ನನಗೆ ಗೋಡೆಗೆ ಏನನ್ನಾದರೂ ಎಸೆಯಬೇಕೆನಿಸಿತು.

“ನಾನ ಬಂದ್ ಮಾಡಸಿದ್ದು,” ಅಂದಳು ಅವ್ವ, ತಿರುಗಿ ನೋಡದೆ. “ಕುಂಕುಮಾನೂ ನಾನ ಹಚ್ಚಿದ್ದು. ಇಷ್ಟು ಮಂದಿ ಕೈ ನನ್ನಿಂದ ಹೋತಲ್ಲ, ದಾನಿ.”

ಆ ನಿರಂಜನ್ ಬೆಂಗಳೂರಿನಲ್ಲಿ ಕೂತು ಏನನ್ನೋ ಅಗಿಯುತ್ತ ಹೇಳಿದ ಮಾತನ್ನು ನನ್ನ ಅವ್ವ ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಳು. ಆ ಕ್ಷಣ ನನ್ನ ಸಿಟ್ಟು ಒಂದು ಕಡೆ ನಿಂತಿತು. ನಿಂತ ಮೇಲೆ ಯೋಚಿಸಲು ಬಂತು.

ಹೋದ ವರ್ಷವೂ ಬಂದ್ ಮಾಡಿದ್ದೆವು. ಅದರ ಹಿಂದಿನ ವರ್ಷವೂ. ಅಂದೂ ಕುಂಕುಮ ಹಚ್ಚಿದ್ದೆವು, ಅದೂ ಇದೇ ಕೈಯಿಂದ. ದೊಡ್ಡಾಕಿ ಎದ್ದಿದ್ದಳು. ಹಾಗಾದರೆ ಈ ಸಲ ಹೊಸದೇನು?

ಶ್ರಾವಣದಲ್ಲಿ ಕಂಪನಿ ಇಂಟರ್‌ನೆಟ್ ಮೂಲಕ ಫೈರ್‌ವಾಲ್ ಕಳಿಸಿತ್ತು. ಬೇರೆಲ್ಲೋ ಒಬ್ಬ ಕಳ್ಳ ಇನ್ನೊಬ್ಬರ ಯಂತ್ರಗೈಯನ್ನು ಆಡಿಸಿದನೆಂಬ ಸುದ್ದಿಯಿತ್ತು. ಹೊರಗಿನವರು ನುಗ್ಗದಂತೆ ಕಾಯುವ ಬೇಲಿ ಇದು ಎಂದಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಪರದೆಯಲ್ಲಿ ಒಂದು ಚೌಕ ಏಳುತ್ತಿತ್ತು: ಅಳವಡಿಕೆ ಪೂರ್ಣವಾಗಲು ಕಂಪ್ಯೂಟರನ್ನು ಮರುಪ್ರಾರಂಭಿಸಿ. ಈಗ, ಆಮೇಲೆ ಎಂದು ಎರಡು ಗುಂಡಿ. ಕೆಲಸದ ದಿನ ಬಂದ್ ಮಾಡಕೂಡದು ಎಂಬ ಅದೇ ಕಂಪನಿಯ ಫಲಕ ಗೋಡೆಯ ಮೇಲಿದೆ. ಯಾರದೋ ಕೈ ಕುದಿಯುವ ಎಣ್ಣೆಯ ಮೇಲಿರುತ್ತದೆ, ಯಾರದೋ ಕೈ ಕೂಸನ್ನು ಎತ್ತಿಕೊಂಡಿರುತ್ತದೆ. ನಾನು ಆಮೇಲೆ ಒತ್ತುತ್ತಿದ್ದೆ. ಹಾಗಾಗಿ ಬೇಲಿ ಪೂರ್ತಿ ಎದ್ದು ನಿಂತದ್ದು ಇವತ್ತೇ, ಈ ಮುಂಜಾನೆಯೇ. ಬೇರೆ ಊರುಗಳಲ್ಲಿ ದೊಡ್ಡಾಕಿಯರನ್ನು ಯಾರೂ ಮಲಗಿಸುವುದಿಲ್ಲ. ಅಲ್ಲೆಲ್ಲ ಈ ತಪ್ಪು ಇನ್ನೂ ಹೊಟ್ಟೆಯೊಳಗೇ ಇದೆ, ಕರೆಂಟೂ ಯುಪಿಎಸ್ಸೂ ಒಟ್ಟಿಗೆ ಕೈಕೊಡುವುದನ್ನು ಕಾಯುತ್ತ.

ಇನ್ನೊಂದು ನೆನಪಾಯಿತು. ಪೆಟ್ಟಿಗೆಯ ಹಿಂದಿನ ಜಾಲರಿಯಿಂದ ರೇಡಿಯೋ ಕಾರ್ಡಿನ ಪುಟ್ಟ ದೀಪ ಕಾಣುತ್ತದೆ. ಕೈಗಳೊಡನೆ ಮಾತಾಡುವುದು ಆ ಕಾರ್ಡೇ. ಹಿಂದಿನ ವರ್ಷಗಳಲ್ಲಿ ಅದು ಹಸಿರಾಗಿ ಮಿನುಗುತ್ತ ಏಳುತ್ತಿತ್ತು. ಇವತ್ತು ಪ್ರತಿ ಸಲವೂ ಒಮ್ಮೆ ಮಿನುಗಿ ಕೆಂಪಾಗಿತ್ತು, ಆಮೇಲೆಯೇ ಉಂಗುರ ತಿರುಗತೊಡಗಿದ್ದು. ಕಾರ್ಡು ಹಳೆಯದು. ಬೇಲಿಗೆ ಅದರ ಗುರುತು ಸಿಗಲಿಲ್ಲ, ಬಾಯಿ ಮುಚ್ಚಿಸಿತು. ದೊಡ್ಡಾಕಿ ಏಳುವ ಮೊದಲು ಆ ಕಾರ್ಡಿನ ಉತ್ತರಕ್ಕೆ ಕಾಯುತ್ತಾಳೆ. ಕಾರ್ಡನ್ನು ಬಿಡು ಎಂದು ಬೇಲಿಗೆ ಹೇಳಬೇಕಾದರೆ ದೊಡ್ಡಾಕಿ ಮೊದಲು ಏಳಬೇಕು. ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಕಾರ್ಡೇ ಇಲ್ಲದಿದ್ದರೆ? ಒಮ್ಮೆ ಕಂಪನಿಯವರೇ ಅದನ್ನು ಬಿಚ್ಚಿ ರಿಪೇರಿಗೆ ಒಯ್ದಾಗ ದೊಡ್ಡಾಕಿ ಕಾರ್ಡು ಕಾಣುತ್ತಿಲ್ಲ ಎಂದು ಗೊಣಗಿ, ಹಾಗೆಯೇ ಎದ್ದಿದ್ದಳು. ಇಲ್ಲದವರಿಗಾಗಿ ಅವಳು ಕಾಯುವುದಿಲ್ಲ.

“ಏಳ ಅವ್ವ,” ಅಂದೆ. “ಬ್ಯಾಟರಿ ತಗೋ.”

ಕೈಮನೆಯ ಹಾಲಿನಲ್ಲಿ ಹುಸೇನಸಾಬ ಕಾಕಾ ಒಬ್ಬನೇ ಕೂತಿದ್ದ. ಎರಡೂ ಕೈಯಿಲ್ಲದವನು ಮನೆಗೆ ಹೋಗಿ ಮಾಡುವುದೇನು ಎಂದು ತಾನೇ ನಕ್ಕ. ಬೆಳಿಗ್ಗೆ ಸೊಸೆ ಚಹಾ ಕುಡಿಸುವಾಗ ಅವನ ಗಡ್ಡಕ್ಕೆ ಚೆಲ್ಲಿದ್ದು ಹಾಗೇ ಒಣಗಿತ್ತು. ನಾನು ಯೋಚಿಸಿದ್ದನ್ನೆಲ್ಲ ಹೇಳಿದೆ. ಇಷ್ಟುದ್ದ ಮಾತು ನಾನು ಅವನೊಡನೆ ಆಡಿದ್ದು ಅದೇ ಮೊದಲು.

“ಬೇಲೀನ ಎದ್ದು ಹೊಲಾ ಮೇಯ್ದಂಗಾತಲ್ಲವ,” ಅಂದ. “ಬಿಚ್ಚು.”

ಪೆಟ್ಟಿಗೆಯ ತಿರುಪುಗಳ ಮೇಲೆ ಕಂಪನಿಯ ಸೀಲಿತ್ತು. ಅದನ್ನು ಹರಿದರೆ ಕಂಪನಿ ಹೊಣೆಯಲ್ಲ ಎಂದು ಅದರ ಮೇಲೆಯೇ ಅಚ್ಚಾಗಿತ್ತು. ಈಗಲಾದರೂ ಯಾವುದಕ್ಕೆ ಹೊಣೆಯಾಗಿದ್ದಾರೆ? ಉಗುರು ಹಾಕಿ ಎಬ್ಬಿಸುತ್ತಿದ್ದಂತೆ ಬಾಗಿಲಲ್ಲಿ ಹೊಸಮನಿ ಸರ್ ಕಾಣಿಸಿಕೊಂಡರು. ಹಣೆಯಲ್ಲಿ ಅರಿಸಿನದ ಭಂಡಾರ, ಜೇಬಿನಲ್ಲಿ ಬನ್ನಿ.

“ದಾನೇಶ್ವರಿ, ಸೀಲಿಗೆ ಕೈ ಹಚ್ಚಬ್ಯಾಡ. ನಿನ್ನ ನೌಕ್ರಿ ಹೊಕ್ಕೈತಿ, ನಂದೂ ಹೊಕ್ಕೈತಿ.”

ಅವರು ಒಳಗೆ ಬರಲು ಹೆಜ್ಜೆಯಿಟ್ಟರು. ಹುಸೇನಸಾಬ ಕಾಕಾ ಎದ್ದು ಬಾಗಿಲಿಗೆ ಅಡ್ಡ ನಿಂತ.

“ನನಗ ಕೈ ಇಲ್ಲ ಸಾಹೇಬರ. ಇದ್ದಿದ್ರ ನಿಮ್ಮನ್ನ ಮರ್ಯಾದಿಲೆ ಹಿಡಕೊಂಡು ಕುಂದ್ರಸತಿದ್ನಿ. ಈಗ ಹೊಟ್ಟೀಲೆ ನೂಕಬೇಕಾಗತೈತಿ. ಹಬ್ಬದ ದಿನ ಅದು ಚಲೋ ಅಲ್ಲ.”

ಹೊಸಮನಿ ಸರ್ ಅವನನ್ನು ದಾಟಿ ಬರಲಿಲ್ಲ. ಬರುವ ಮನಸ್ಸೂ ಇರಲಿಲ್ಲವೇನೋ. ಹಾಲಿನ ಕುರ್ಚಿಯಲ್ಲಿ ಕೂತು ಹಣೆ ಒರೆಸಿಕೊಂಡರು.

ನಾನು ಸೀಲು ಹರಿದೆ.

ಒಳಗೆ ಧೂಳಿತ್ತು. ಫ್ಯಾನಿಗೆ ಜೇಡನ ಬಲೆ ಸುತ್ತಿಕೊಂಡಿತ್ತು. ಅವ್ವ ಎಡಗೈಯಲ್ಲಿ ಬ್ಯಾಟರಿ ಹಿಡಿದು ಮೂಲೆ ಮೂಲೆಗೂ ಬೆಳಕು ಬಿಟ್ಟಳು. ಕುಂಕುಮ ಎಲ್ಲೂ ಇರಲಿಲ್ಲ, ಸಾಸಿವೆಯಷ್ಟೂ ಇರಲಿಲ್ಲ. ಅವ್ವ ಮತ್ತೊಮ್ಮೆ ನೋಡಿದಳು. ಮೂರನೆಯ ಸಲ ನೋಡುವಾಗ ಅವಳ ಬಾಯಿ ಬಿಗಿಯಾಗತೊಡಗಿತು. ಅವಳು ಬೆಳಿಗ್ಗೆಯಿಂದ ತನ್ನ ಮೇಲೆ ತಿರುಗಿಸಿಕೊಂಡಿದ್ದ ಸಿಟ್ಟು ದಿಕ್ಕು ಬದಲಿಸಿದ್ದು ನನಗೆ ಕಂಡಿತು.

ರೇಡಿಯೋ ಕಾರ್ಡು ಕಿತ್ತು ಮೇಜಿನ ಮೇಲಿಟ್ಟೆ. ಉಳಿದಿದ್ದುದು ಒಂದೇ ಅವಕಾಶ. ನನ್ನ ಯೋಚನೆ ತಪ್ಪಾಗಿದ್ದರೆ ಆ ಹಳದಿ ಅಕ್ಷರಗಳು ಹೇಳಿದ್ದನ್ನು ಮಾಡುತ್ತವೆ, ಊರಿನ ಅಷ್ಟೂ ಕೈಗಳು ಹುಟ್ಟಿದ ಕೂಸುಗಳಾಗುತ್ತವೆ. ಒತ್ತಲೇ ಎಂದು ಅವ್ವನನ್ನು ಕಣ್ಣಿನಲ್ಲೇ ಕೇಳಿದೆ. ಅವಳು ಕಾಯದೆ ತಾನೇ ಸ್ವಿಚ್ ಒತ್ತಿದಳು.

ಕಂಪನಿಯ ಗುರುತು ಬಂತು. ಉಂಗುರ ಬಂತು, ತಿರುಗಿತು. ಹುಸೇನಸಾಬ ಕಾಕಾ ಬಾಗಿಲಲ್ಲೇ ಕಣ್ಣು ಮುಚ್ಚಿ ಏನೋ ಓದುತ್ತಿದ್ದ. ಉಂಗುರ ಇನ್ನೂ ತಿರುಗಿತು. ಆಮೇಲೆ ನಿಂತಿತು. ಪರದೆ ಕಪ್ಪಾಗಿ, ಅದರ ಮೇಲೆ ಒಂದು ಸಾಲು ಮೂಡಿತು: ರೇಡಿಯೋ ಕಾರ್ಡ್ ಕಂಡುಬಂದಿಲ್ಲ. ಅದರ ಹಿಂದೆಯೇ ನನ್ನ ದಿನನಿತ್ಯದ ನೀಲಿ ಪರದೆ ತೆರೆದುಕೊಂಡಿತು. ತಪ್ಪು ತೋರಿಸುವ ಸಾಲೊಂದನ್ನು ಅಷ್ಟು ಪ್ರೀತಿಯಿಂದ ನಾನು ಎಂದೂ ಓದಿರಲಿಲ್ಲ.

ಮೊದಲು ಇಂಟರ್‌ನೆಟ್ ವಯರು ಕಿತ್ತೆ. ಕೈಗಳಿಗೆ ಅದು ಬೇಕಿಲ್ಲ, ಬೇಕಿರುವುದು ಕಂಪನಿಗೆ. ಆಮೇಲೆ ಫೈರ್‌ವಾಲನ್ನು ಹುಡುಕಿ ತೆಗೆಯಹೋದೆ. ಇದನ್ನು ತೆಗೆದರೆ ನಿಮ್ಮ ಕಂಪ್ಯೂಟರ್ ಅಪಾಯದಲ್ಲಿರುತ್ತದೆ, ಖಚಿತವೇ ಎಂದು ಕೇಳಿತು. ಹೌದು ಎಂಬುದನ್ನು ಎಷ್ಟು ಜೋರಾಗಿ ಒತ್ತಿದೆನೆಂದರೆ ಮೌಸು ಜಾರಿ ಕೆಳಗೆ ಬಿತ್ತು. ಬಂದ್ ಮಾಡಿ, ಕಾರ್ಡನ್ನು ಅದರ ಜಾಗಕ್ಕೆ ಒತ್ತಿ ಕೂರಿಸಿ, ಮತ್ತೆ ಚಾಲೂ ಮಾಡಿದೆ. ಜಾಲರಿಯೊಳಗೆ ದೀಪ ಒಮ್ಮೆ ಮಿನುಗಿತು. ಇನ್ನೊಮ್ಮೆ ಮಿನುಗಿತು, ಹಸಿರಾಗಿಯೇ.

ಹಾಲಿನಿಂದ ಹೊಸಮನಿ ಸರ್ ಕೂಗಿದರು. ನಾವು ಹೊರಗೆ ಬಂದೆವು.

ಕೈಗಳು ಪರಾತಗಳಲ್ಲೇ ಇದ್ದವು. ಆದರೆ ಪಟ್ಟಿಗಳು ಎಲ್ಲರ ತೋಳುಗಳ ಮೇಲಿದ್ದವು, ಊರಿನ ತುಂಬ. ಚೆಂಡು ಹೂವುಗಳ ನಡುವೆ ಬೆರಳುಗಳು ಒಂದೊಂದಾಗಿ ಏಳುತ್ತಿದ್ದವು. ಒಂದು ಕೈ ಗಾಳಿಯಲ್ಲಿ ಏನನ್ನೋ ಹಿಂಡುತ್ತಿತ್ತು. ಇನ್ನೊಂದು ಯಾರದೋ ಬೆನ್ನು ತಟ್ಟುವಂತೆ ಪರಾತವನ್ನು ತಟ್ಟುತ್ತಿತ್ತು. ಎಲ್ಲೋ ತಮ್ಮ ಮನೆಯಲ್ಲಿ ಕೂತು, ಇಲ್ಲದ ಕೈಯಿಂದ ಅವರವರು ಮಾಡಬಯಸಿದ್ದನ್ನೆಲ್ಲ ಅವು ಇಲ್ಲಿ ಮಾಡುತ್ತಿದ್ದವು. ಹುಸೇನಸಾಬ ಕಾಕಾನ ಜೋಡಿ ಕೈಗಳು ನಮಸ್ಕಾರ ಬಿಡಿಸಿಕೊಂಡವು. ಬಲಗೈ ಪಕ್ಕದಲ್ಲಿ ಬಿದ್ದಿದ್ದ ಹೂವಿನ ಒಂದೇ ಒಂದು ಪಕಳೆಯನ್ನು ಹರಿಯದಂತೆ ಎರಡು ಬೆರಳಲ್ಲಿ ಹಿಡಿದು ಎತ್ತಿತು. ಕಾಕಾ ಅದನ್ನು ದೂರದಿಂದ ನೋಡಿದ.

ಅವ್ವ ತನ್ನ ಪರಾತದ ಕಡೆ ಹೋಗಲಿಲ್ಲ. ನನ್ನ ಮುಂದೆ ಬಂದು ನಿಂತಳು. ಎಡಗೈಯನ್ನೂ ಮೊಂಡು ತೋಳನ್ನೂ ನನ್ನ ಮುಖದ ಮೇಲೆ ನೀವಾಳಿಸಿ ತನ್ನ ಕಪಾಳಕ್ಕೆ ಒತ್ತಿದಳು. ಎಡಗೈ ಲಟಲಟ ಎಂದಿತು. ಹಾಲಿನ ಆ ತುದಿಯಲ್ಲಿ, ಹೂವಿನ ಮೇಲೆ, ಅವಳ ಬಲಗೈ ಸಪ್ಪಳವಿಲ್ಲದೆ ಐದೂ ಬೆರಳು ಮಡಚಿಕೊಂಡಿತು.

ನಾನು ಅಳಬೇಕಿತ್ತೇನೋ. ಬಂದದ್ದು ಸಿಟ್ಟು. ಇಷ್ಟನ್ನು ಅವರು ಅಳಿಸಲು ಹೊರಟಿದ್ದರು, ಅಗಿಯುತ್ತ.

ಹೊಸಮನಿ ಸರ್ ಫೋನ್ ರಿಂಗಾಯಿತು. ನಿರಂಜನ್. ಅವನ ಪರದೆಯಲ್ಲಿ ನಮ್ಮ ಕಂಪ್ಯೂಟರ್ ಒಂದು ಗಳಿಗೆ ಕಾಣಿಸಿ ಮಾಯವಾಗಿತ್ತಂತೆ. ಹೊಸಮನಿ ಸರ್ ಒಂದು ಕ್ಷಣ ನನ್ನನ್ನು ನೋಡಿ, ಸ್ಪೀಕರ್ ಹಾಕಿ ಫೋನನ್ನು ನನ್ನ ಮುಂದೆ ಹಿಡಿದರು. ನಡೆದದ್ದನ್ನು ಹೇಳಿದೆ. ಕುಂಕುಮ ಇರಲಿಲ್ಲ ಎಂದೂ ಹೇಳಿದೆ. ಅವನು ಸೀಲಿನ ಬಗ್ಗೆ ಮಾತ್ರ ಕೇಳಿದ. ಹಬ್ಬ ಮುಗಿದ ಮೇಲೆ ತಾನೇ ಬಂದು ಸೀಲು ಹಾಕಿ, ಫೈರ್‌ವಾಲ್ ಮತ್ತೆ ಕೂರಿಸುತ್ತೇನೆ, ಅದು ಕಡ್ಡಾಯ ಎಂದ.

“ಬರ್ರಿ,” ಅಂದೆ. ನನ್ನ ದನಿ ಹಾಲಿನ ಗೋಡೆಗೆ ಬಡಿದು ನನಗೇ ಕೇಳಿಸಿತು. “ಕೂಡಸ್ರಿ. ಕೂಡಿಸಿದ ಮ್ಯಾಲೆ ಎಲ್ಲಾರ ಎದುರಿಗೆ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ತೋರಸ್ರಿ. ಆದರ ಬಂದ್ ಮಾಡೂ ಮೊದಲ ನಿಮ್ಮ ಬಲಗೈ ಬೆನ್ನಿಗೆ ಕಟ್ಟತೇವಿ. ದೊಡ್ಡಾಕಿ ಎದ್ದ ಮ್ಯಾಲೆ ಬಿಚ್ಚತೇವಿ.”

“ಏನ್ ಮೇಡಂ ಇದು, ತಮಾಷೆ ಮಾಡ್ತಿದೀರಾ? ಅಕಸ್ಮಾತ್ ಎದ್ದಿಲ್ಲ ಅಂದ್ರೆ?”

“ಎಡಗೈಲೆ ಉಣ್ಣೂದು ಕಲ್ತುಕೊಳ್ತೀರಿ ಬಿಡ್ರಿ.”

ಆ ಕಡೆ ಈ ಸಲ ಯಾರೂ ನಗಲಿಲ್ಲ. ಅವ್ವ ಆಗಲೇ ತನ್ನ ಕೈ ತೊಟ್ಟುಕೊಂಡಿದ್ದಳು. ಪೂಜೆಯ ಮೇಜಿಗೆ ಹಾಸಿದ್ದ ಹಳೆಯ ಇಳಕಲ್ ಸೀರೆಯ ಅಂಚನ್ನು ಉದ್ದಕ್ಕೆ ಸೀಳಿ, ಗಟ್ಟಿ ಇದೆಯೇ ಎಂದು ಎರಡೂ ಕೈಯಿಂದ ಜಗ್ಗಿ ನೋಡುತ್ತಿದ್ದಳು.